ತಮಕಶ್ವಾಸದ ಪೂರ್ವೋತ್ತರ ವಿಚಾರ

ಮುಂಡರಗಿ ತಾಲೂಕಿನ ಡಂಬಳವು ಪುರಾತನವಾದ ಊರು. ಶಾಸನಗಳಲ್ಲಿ ಇದಕ್ಕೆ ಧರ್ಮವೊಳಲು ಎಂಬ ಹೆಸರುಂಟು. ನಕ್ಷತ್ರದಂತೆ ಇಪ್ಪತ್ತುನಾಲ್ಕು ಕೋನಗಳುಳ್ಳ ದೊಡ್ಡಬಸಪ್ಪನ ಗುಡಿಯಿಂದಲೂ, ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇ.ಸ. 1095ರ ಸುಮಾರಿಗೆ ಇಲ್ಲಿಯ ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರದ ಶಾಸನದಿಂದಲೂ ಇತಿಹಾಸಪ್ರಿಯರು ಈ ಊರನ್ನು ಬಲ್ಲರು. ಮೂಲಿಕೆಗಳನ್ನು ಅರಸುವವರಿಗಾದರೋ ಇದು ಕಪ್ಪತಗುಡ್ಡದ ನೆರೆಯ ಊರೆಂದೇ ಹೆಚ್ಚು ಪರಿಚಿತವಾಗಿದೆ. 2019ರಲ್ಲಿ ಸರಕಾರವು ಈ ಗುಡ್ಡದ ಸುಮಾರು 244 ಚದರ ಕಿಲೋಮೀಟರು ಪ್ರದೇಶವನ್ನು ವನ್ಯಜೀವಿಧಾಮವೆಂದು ಸಾರಿತು. ಅದಕ್ಕೂ ಎಷ್ಟೋ ತಲೆಮಾರುಗಳ ಮೊದಲಿನಿಂದ ನಾಟಿ ವೈದ್ಯರು ಇಲ್ಲಿಯ ಬೇರು, ತೊಗಟೆ, ಸೊಪ್ಪುಗಳನ್ನು ಒಯ್ಯುತ್ತ ಬಂದಿದ್ದಾರೆ. ಅವರ ಬಾಗಿಲಿಗೆ ಬರುವ ಹಳೆಯ ಬೇನೆಗಳಲ್ಲಿ ಜನರು ದಮ್ಮು, ಉಬ್ಬಸ, ಗೂರಲು ಎಂದು ಕರೆಯುವ ಶ್ವಾಸರೋಗವೂ ಒಂದು.

ಈ ರೋಗವನ್ನು ಕಂಡರಿಯದ ಮನೆತನವು ವಿರಳ. ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆ ಎದ್ದು ಕುಳಿತು, ಮೊಣಕಾಲಿನ ಮೇಲೆ ಮೊಣಕೈಯೂರಿ, ಎದೆಯೊಳಗೆ ಸಿಳ್ಳಿನಂಥ ಸಪ್ಪಳದೊಡನೆ ಉಸಿರಿಗಾಗಿ ಹೆಣಗಿದ ರೋಗಿಯು ಬೆಳಗಾದ ಮೇಲೆ ಏನೂ ಆಗದವನಂತೆ ಹೊಲಕ್ಕೆ ಹೋಗುವದುಂಟು. ಒಂದೇ ಕಣದಲ್ಲಿ ಜೋಳ ತೂರುವ ಇಬ್ಬರಲ್ಲಿ ಒಬ್ಬನಿಗೆ ಆ ಹೊಟ್ಟಿನ ಧೂಳಿನಿಂದ ಯಾವ ಬಾಧೆಯೂ ಇಲ್ಲ. ಮತ್ತೊಬ್ಬನಿಗೆ ಆ ರಾತ್ರಿ ನಿದ್ದೆಯಿಲ್ಲ. ಧೂಳು ಒಂದೇ ಆಗಿರಲು ಫಲವು ಎರಡಾಗುವದೇಕೆ? ಎರಡು ಸಾವಿರ ವರುಷಗಳ ವೈದ್ಯವಿಚಾರವು ಈ ಪ್ರಶ್ನೆಯ ಸುತ್ತಲೇ ಬೆಳೆದುಬಂದಿದೆ. ಅದಕ್ಕೆ ಕ್ರಮವಾಗಿ ದೊರೆತ ಉತ್ತರವೂ, ಆ ಉತ್ತರದ ಅರ್ಧವನ್ನೇ ನಂಬಿದ್ದರಿಂದ ಉಂಟಾದ ಪ್ರಾಣಹಾನಿಯೂ ಮನೆಮನೆಯವರು ತಿಳಿದಿರತಕ್ಕ ಸಂಗತಿಗಳು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯವು ಹಿಕ್ಕೆ ಮತ್ತು ಶ್ವಾಸಗಳಿಗೆ ಮೀಸಲಾಗಿದೆ. ಪ್ರಾಣಹಾರಕವಾದ ರೋಗಗಳು ಅನೇಕವಿದ್ದರೂ ಇವೆರಡರಷ್ಟು ಶೀಘ್ರವಾಗಿ ಪ್ರಾಣವನ್ನು ಕೊಯ್ಯುವವು ಬೇರೆ ಇಲ್ಲವೆಂಬ ಎಚ್ಚರಿಕೆಯನ್ನು ಆಚಾರ್ಯನು ಮೊದಲಲ್ಲಿಯೇ ಕೊಟ್ಟಿದ್ದಾನೆ. ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಶ್ವಾಸವು ಐದು ತೆರ. ಇಂದು ಅಸ್ತಮಾ ಎನ್ನಲಾಗುವ ರೋಗದ ಲಕ್ಷಣಗಳು ಬಹುಮಟ್ಟಿಗೆ ನಾಲ್ಕನೆಯದಾದ ತಮಕದಲ್ಲಿ ದೊರೆಯುತ್ತವೆ. ರೋಗಿಯು ಮಲಗಿದರೆ ಸಂಕಟವು ಹೆಚ್ಚುವದು, ಕುಳಿತರೆ ಇಳಿಯುವದು; ಕಫವು ಹೊರಬಿದ್ದರೆ ಕ್ಷಣಕಾಲ ಸುಖವೆನಿಸುವದು; ಬಿಸಿಯಾದುದರ ಮೇಲೆ ಮನಸ್ಸಾಗುವದು; ಮೋಡ, ಮಳೆ, ಚಳಿ, ಮೂಡಣ ಗಾಳಿಗಳಿಂದ ರೋಗವು ಕೆರಳುವದು. ಧೂಳು ಮತ್ತು ಹೊಗೆಗಳು ಕಾರಣಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ಬಂದಿವೆ. ಹೊಸದಾಗಿದ್ದರೆ ಸಾಧ್ಯ, ಹಳೆಯದಾದರೆ ಯಾಪ್ಯ, ಅಂದರೆ ಔಷಧ ಪಥ್ಯಗಳಿಂದ ಹದ್ದಿನಲ್ಲಿಟ್ಟು ಕಾಲ ಕಳೆಯತಕ್ಕದ್ದು ಎಂಬ ನಿರ್ಣಯವೂ ಅಲ್ಲಿದೆ.

ರೋಗದ ಹುಟ್ಟನ್ನು ಚರಕನು ಹೇಳುವ ಕ್ರಮವು ಲಕ್ಷ್ಯಕ್ಕೆ ಬರತಕ್ಕದ್ದಾಗಿದೆ. ವಾಯುವು ತನ್ನ ಸಹಜವಾದ ದಾರಿಯನ್ನು ಬಿಟ್ಟು ಪ್ರತಿಲೋಮವಾಗಿ ಸ್ರೋತಸ್ಸುಗಳನ್ನು ಹೊಗುತ್ತದೆ, ಕಫವನ್ನು ಎಬ್ಬಿಸುತ್ತದೆ, ಎದ್ದ ಕಫವು ಮರಳಿ ವಾಯುವಿಗೇ ತಡೆಯಾಗುತ್ತದೆ. ದಾರಿಯು ಬಿಗಿಯುವದೊಂದು, ದಾರಿಯಲ್ಲಿ ಕಫವು ತುಂಬುವದೊಂದು. ಹೀಗೆ ರೋಗಕ್ಕೆ ಎರಡು ಮುಖಗಳು. ಆದುದರಿಂದಲೇ ಅದೇ ಅಧ್ಯಾಯದಲ್ಲಿ, ಕಫವನ್ನು ಕಳೆದು ವಾತವನ್ನು ಕೆರಳಿಸುವ ಉಪಾಯವನ್ನಾಗಲಿ, ವಾತವನ್ನು ಇಳಿಸಿ ಕಫವನ್ನು ಬೆಳೆಸುವ ಉಪಾಯವನ್ನಾಗಲಿ ಏಕಾಂತವಾಗಿ ನೆಚ್ಚಬಾರದೆಂದು ವಿಧಿಸಲಾಗಿದೆ. ಈ ವಿಧಿಯನ್ನು ವಾಚಕರು ಮುಂದಿನ ವಿವರಕ್ಕಾಗಿ ನೆನಪಿನಲ್ಲಿಡತಕ್ಕದ್ದು.

ವೈದ್ಯವಿಚಾರವು ಸಂಸ್ಕೃತದಲ್ಲಿಯೇ ಉಳಿಯದೆ ಕನ್ನಡಕ್ಕೂ ಬೇಗನೆ ಇಳಿಯಿತು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಕಲ್ಯಾಣಕಾರಕವನ್ನು ಸಂಸ್ಕೃತದಲ್ಲಿ ರಚಿಸಿದನು. ಡಂಬಳದ ವಿಹಾರವು ಎದ್ದ ಶತಮಾನದ ಮೊದಲ ಭಾಗದಲ್ಲಿ ಚಾವುಂಡರಾಯನ ಲೋಕೋಪಕಾರವು, ಮುಂದಿನ ಶತಮಾನದಲ್ಲಿ ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನ ಗೋವೈದ್ಯವು, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು ಹುಟ್ಟಿದವು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ಬರೆದನು. ದನಕರುಗಳ ಬೇನೆಯಿಂದ ಹಾವಿನ ವಿಷದವರೆಗೆ ಕನ್ನಡದಲ್ಲಿ ಗ್ರಂಥಗಳಿದ್ದುದರಿಂದ, ವೈದ್ಯವು ಪಂಡಿತರ ಮನೆಯ ಗುಟ್ಟಾಗದೆ ಊರಿನ ತಿಳಿವಳಿಕೆಯಾಯಿತು.

ಆ ತಿಳಿವಳಿಕೆಯಲ್ಲಿ ದಮ್ಮಿಗೆ ಮೊದಲ ಗಿಡವು ಆಡುಸೋಗೆ, ಸಂಸ್ಕೃತದ ವಾಸಾ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಇದೊಂದು ಅಪವಾದ. ಕಹಿಯಾದ ಈ ಸೊಪ್ಪನ್ನು ಆಡು ಮೇಯುವದಿಲ್ಲವಾದುದರಿಂದಲೇ ಹೊಲದ ಬೇಲಿಗೆ ಇದು ಒಳ್ಳೆಯದು. 1888ರಲ್ಲಿ ಡೇವಿಡ್ ಹೂಪರ್ ಎಂಬ ರಸಾಯನಜ್ಞನು ಇದರ ಎಲೆಯಿಂದ ವಾಸಿಸೀನ್ ಎಂಬ ಸತ್ತ್ವವನ್ನು ಬೇರ್ಪಡಿಸಿದನು. ಆ ಸತ್ತ್ವದ ರಚನೆಯನ್ನೇ ಮಾದರಿಯಾಗಿಟ್ಟುಕೊಂಡು 1960ರ ದಶಕದಲ್ಲಿ ಯುರೋಪಿನವರು ಕಫವನ್ನು ತೆಳ್ಳಗೆ ಮಾಡುವ ಬ್ರೋಮ್‌ಹೆಕ್ಸಿನ್ ಎಂಬ ಮದ್ದನ್ನು ಸಿದ್ಧಪಡಿಸಿದರು. ಇಂದು ಔಷಧದ ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಕೆಮ್ಮಿನ ಸೀಸೆಗಳಲ್ಲಿ ಈ ಬೇಲಿಯ ಗಿಡದ ವಂಶವೇ ಅಡಗಿದೆ.

ಎರಡನೆಯದು ದತ್ತೂರಿ, ಇಲ್ಲವೆ ಮದಗುಣಿಕೆ. ಚರಕನು ಶ್ವಾಸಕ್ಕೆ ಅರಿಸಿನ, ಔಡಲ ಬೇರು, ದೇವದಾರು ಮುಂತಾದವುಗಳ ಧೂಮವರ್ತಿಯನ್ನು ಹೇಳಿದ್ದಾನೆ. ಕಾಲಾಂತರದಲ್ಲಿ ದಕ್ಷಿಣದೇಶದ ಜನರು ಒಣಗಿದ ದತ್ತೂರಿಯ ಹೊಗೆಯನ್ನು ಸೇದಿ ದಮ್ಮನ್ನು ಇಳಿಸಿಕೊಳ್ಳುತ್ತಿದ್ದರು. ಮದ್ರಾಸಿನಲ್ಲಿ ಮುಖ್ಯವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ನನು ಈ ಉಪಾಯವನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ತಿಳಿಸಿದನು. 1802ರಲ್ಲಿ ಆತನು ಅದನ್ನು ಬ್ರಿಟನ್ನಿಗೆ ಒಯ್ದನು. ಮುಂದೆ ನೂರು ವರುಷಗಳಿಗೂ ಮಿಕ್ಕಿ ದತ್ತೂರಿಯ ಸಿಗರೇಟುಗಳು ಪಶ್ಚಿಮದ ಪೇಟೆಗಳಲ್ಲಿ ಮಾರಿದವು. ಅದರೊಳಗಿನ ಅಟ್ರೊಪೀನ್ ಎಂಬ ಸತ್ತ್ವವು ಉಸಿರುದಾರಿಯ ಸ್ನಾಯುವಿನ ಬಿಗಿತವನ್ನು ಸಡಿಲಿಸುವದು ನಿಜ. ಆದರೆ ಅಳತೆ ತಪ್ಪಿದರೆ ದತ್ತೂರಿಯು ಘೋರವಾದ ವಿಷ. ಮನೆಯಲ್ಲಿ ಅದನ್ನು ಪ್ರಯೋಗಿಸುವದು ಪ್ರಾಣದೊಡನೆ ಆಟವಾಡಿದಂತೆ.

ಇಲ್ಲಿಂದ ಹೊಸ ಪ್ರಶ್ನೆಯು ಎದ್ದಿತು. ಗುಂಜಿಯ ಅಂಶದಷ್ಟು ಮದ್ದು ಇಡೀ ದೇಹದ ಮೇಲೆ, ಅದರಲ್ಲಿಯೂ ಗೊತ್ತಾದ ಅಂಗದ ಮೇಲೆಯೇ, ಹೇಗೆ ಕೆಲಸ ಮಾಡುವದು? ಕೇಂಬ್ರಿಜ್ಜಿನ ಜಾನ್ ಲ್ಯಾಂಗ್ಲೆಯು 1905ರಲ್ಲಿ ಜೀವಕೋಶಗಳಲ್ಲಿ ಮದ್ದನ್ನು ಸ್ವೀಕರಿಸುವ ಒಂದು ವಿಶೇಷ ದ್ರವ್ಯವಿರಬೇಕೆಂದು ಊಹಿಸಿದನು. ಜರ್ಮನಿಯ ಪಾಲ್ ಎರ್‌ಲಿಖನು ಅದೇ ಕಾಲಕ್ಕೆ ಬೇರೆ ದಾರಿಯಿಂದ ಇಂಥದೇ ನಿರ್ಣಯಕ್ಕೆ ಬಂದಿದ್ದನು. ಆ ದ್ರವ್ಯಕ್ಕೆ ಕನ್ನಡದಲ್ಲಿ ಗ್ರಾಹಕವೆನ್ನಬಹುದು. ಜೀವಕೋಶವು ಒಂದು ವಾಡೆಯಾದರೆ ಗ್ರಾಹಕವು ಅದರ ಬಾಗಿಲಿನ ಕೀಲಿ. ಸರಿಯಾದ ಕೀಲಿಕೈ ಬಂದಾಗ ಮಾತ್ರ ಅದು ತಿರುಗುವದು. ತಿರುಗಿದೊಡನೆ ಒಳಗಿನವರಿಗೆ ಅಪ್ಪಣೆಯು ಮುಟ್ಟುವದು. ಆಕಾರದಲ್ಲಿ ಹೋಲುವ ಬೇರೊಂದು ಕೀಲಿಕೈ ತೂರಿ ಕುಳಿತರೆ ನಿಜವಾದುದಕ್ಕೆ ಜಾಗವಿಲ್ಲದಾಗುವದು. ಅಟ್ರೊಪೀನಿನ ಕೆಲಸವು ಈ ಎರಡನೆಯ ತರದ್ದು.

ಅಸ್ತಮಾದಲ್ಲಿ ಯಾವ ಕೀಲಿಕೈಗಳು ಯಾವ ಕೀಲಿಗಳನ್ನು ತಿರುಗಿಸುತ್ತವೆಂಬ ಶೋಧವು ಇಪ್ಪತ್ತನೆಯ ಶತಮಾನದ ಕೆಲಸ. 1910ರಲ್ಲಿ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್‌ಲಾ ಎಂಬವರು ಹಿಸ್ಟಮೀನ್ ಎಂಬ ದ್ರವ್ಯವನ್ನು ಪ್ರಾಣಿಗಳಿಗೆ ಕೊಟ್ಟಾಗ ಉಸಿರುದಾರಿಯು ಬಿಗಿಯುವದನ್ನು ಕಂಡರು. 1937ರಲ್ಲಿ ಡೇನಿಯಲ್ ಬೊವೆಯು ಅದಕ್ಕೆ ಪ್ರತಿಯಾದ ಮದ್ದನ್ನು ಕಂಡುಹಿಡಿದನು. ಆ ಜಾತಿಯ ಮದ್ದುಗಳಿಂದ ನೆಗಡಿ ತುರಿಕೆಗಳು ಇಳಿದವು, ದಮ್ಮು ಮಾತ್ರ ಇಳಿಯಲಿಲ್ಲ. ಬೇರೆ ಅಪರಾಧಿಗಳಿರಬೇಕೆಂಬದು ಇದರಿಂದ ಸ್ಪಷ್ಟವಾಯಿತು. 1940ರಲ್ಲಿ ಆಸ್ಟ್ರೇಲಿಯದ ಕೆಲವೇ ಮತ್ತು ಟ್ರೆಥೆವಿ ಎಂಬವರು ನಿಧಾನವಾಗಿ ಆರಂಭಿಸಿ ಬಹಳ ಹೊತ್ತು ಬಿಗಿ ಹಿಡಿಯುವ ಇನ್ನೊಂದು ದ್ರವ್ಯದ ಸುಳಿವನ್ನು ಹಿಡಿದರು. ಅದರ ನಿಜಸ್ವರೂಪವು ತಿಳಿಯಲು ನಾಲ್ವತ್ತು ವರುಷಗಳೇ ಬೇಕಾದವು. 1979ರಲ್ಲಿ ಸ್ವೀಡನ್ನಿನ ಬೆಂಗ್ಟ್ ಸ್ಯಾಮುವೆಲ್ಸನ್ನನು ಅದು ಲ್ಯೂಕೊಟ್ರಯೀನ್ ಎಂಬ ದ್ರವ್ಯಗಳ ವರ್ಗವೆಂದು ತೋರಿಸಿದನು.

ಈ ದ್ರವ್ಯಗಳನ್ನು ಉಗುಳುವ ಜೀವಕೋಶಗಳಲ್ಲಿ ಮುಖ್ಯವಾದುದು ಮಾಸ್ಟ್ ಕೋಶ. ಅದನ್ನು 1878ರಲ್ಲಿ ಹೆಸರಿಸಿದವನು ಮೇಲೆ ಹೇಳಿದ ಎರ್‌ಲಿಖನೇ. ಒಡಲ ತುಂಬ ಕಾಳುಗಳಿದ್ದುದರಿಂದ ಇದು ಉಂಡು ಕೊಬ್ಬಿದ ಕೋಶವೆಂದು ಅವನು ಬಗೆದನು. ಮರುವರುಷ ಆತನೇ ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರುವ ಇಯೋಸಿನೊಫಿಲ್ ಎಂಬ ರಕ್ತಕೋಶವನ್ನು ಗುರುತಿಸಿದನು. ಈ ಎರಡನೆಯದರ ಕಥೆಯಲ್ಲಿ ದಕ್ಷಿಣ ಹಿಂದುಸ್ಥಾನಕ್ಕೂ ಒಂದು ಸ್ಥಾನವುಂಟು. 1940ರಲ್ಲಿ ಮದನಪಲ್ಲಿಯ ಕ್ಷಯರೋಗಿಗಳ ಆರೋಗ್ಯಧಾಮದ ಫ್ರಿಮೊಡ್ಟ್ ಮೊಲ್ಲರ್ ಮತ್ತು ಬಾರ್ಟನ್ ಎಂಬ ವೈದ್ಯರು, ಕ್ಷಯದಂತೆ ತೋರುವ ಆದರೆ ರಕ್ತದಲ್ಲಿ ಇಯೋಸಿನೊಫಿಲ್ಲುಗಳು ಅತಿಯಾಗಿ ತುಂಬಿರುವ ಒಂದು ಕಾಯಿಲೆಯನ್ನು ವರ್ಣಿಸಿದರು. ರಾತ್ರಿಯ ಕೆಮ್ಮು ಗೂರಲುಗಳಿಂದ ಅಸ್ತಮಾವೆಂದೇ ಭ್ರಮೆ ಹುಟ್ಟಿಸುವ ಅದರ ಮೂಲವು ಆನೆಕಾಲು ರೋಗದ ಹುಳುವೆಂದೂ, ಅದಕ್ಕೆ ಬೇರೆಯೇ ಮದ್ದೆಂದೂ ಮುಂದೆ ಸಿದ್ಧವಾಯಿತು. ಗೂರಲೆಲ್ಲವೂ ಒಂದೇ ರೋಗವಲ್ಲವೆಂಬದಕ್ಕೆ ಇದು ನಿದರ್ಶನ.

ಧೂಳು ಒಂದೇ, ಫಲವು ಎರಡು ಎಂಬ ಮೊದಲಿನ ಪ್ರಶ್ನೆಗೆ ಉತ್ತರದ ತುದಿಯು 1921ರಲ್ಲಿ ಕೈಗೆ ಸಿಕ್ಕಿತು. ಜರ್ಮನಿಯಲ್ಲಿ ಹೈಂಜ್ ಕ್ಯುಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ತಿಂದರೆ ಆಗುತ್ತಿರಲಿಲ್ಲ. ಆತನ ರಕ್ತದ ತಿಳಿಯನ್ನು ಕಾರ್ಲ್ ಪ್ರೌಸ್ನಿಟ್ಸನು ತನ್ನ ಚರ್ಮದೊಳಗೆ ಚುಚ್ಚಿಕೊಂಡು, ಮರುದಿನ ಅದೇ ಜಾಗದಲ್ಲಿ ಮೀನಿನ ಸಾರವನ್ನು ಚುಚ್ಚಿಸಿಕೊಂಡನು. ಆ ಜಾಗವು ಬಾತು ಕೆಂಪಾಯಿತು. ಅಂದಮೇಲೆ ಒಗ್ಗದಿಕೆಯು ಮೀನಿನಲ್ಲಿಲ್ಲದೆ ರಕ್ತದೊಳಗಿನ ಯಾವದೋ ವಸ್ತುವಿನಲ್ಲಿದೆ ಎಂದಾಯಿತು. ಆ ವಸ್ತುವನ್ನು 1966ರಲ್ಲಿ ಅಮೇರಿಕೆಯಲ್ಲಿದ್ದ ಜಪಾನೀ ದಂಪತಿಗಳಾದ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ಅವರೂ, ಮರುವರುಷ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಖ್ ಎಂಬವರೂ ಪ್ರತ್ಯೇಕವಾಗಿ ಕಂಡುಹಿಡಿದರು. 1968ರಲ್ಲಿ ಅದಕ್ಕೆ ಐಜಿ-ಇ ಎಂದು ಹೆಸರಾಯಿತು. ಇದು ಮಾಸ್ಟ್ ಕೋಶದ ಮೇಲಿರುವ ತನ್ನ ಗ್ರಾಹಕದಲ್ಲಿ ಮೊದಲೇ ಕುಳಿತು ಕಾಯುವದು. ತನಗೆ ಗುರುತಿದ್ದ ಪರಾಗವಾಗಲಿ ಧೂಳಿನ ನುಸಿಯಾಗಲಿ ಬಂದು ಅಕ್ಕಪಕ್ಕದ ಎರಡು ಐಜಿ-ಇಗಳನ್ನು ಕೂಡಿಸಿ ಕಟ್ಟಿತೆಂದರೆ ಕೋಶವು ಸಿಡಿದಂತಾಗಿ ಒಳಗಿನ ಹಿಸ್ಟಮೀನ್ ಮೊದಲಾದವುಗಳನ್ನು ಹೊರಚೆಲ್ಲುವದು. ಒಬ್ಬ ರೈತನ ಕೋಶಗಳ ಮೇಲೆ ಆ ಧೂಳನ್ನು ಗುರುತಿಸುವ ಐಜಿ-ಇ ಉಂಟು, ಇನ್ನೊಬ್ಬನಲ್ಲಿಲ್ಲ. ಬಂದ ಅತಿಥಿಯೊಬ್ಬನೇ, ಬರಮಾಡಿಕೊಳ್ಳುವ ಮನೆಗಳು ಬೇರೆ.

ವಿಚಾರವು ಇಲ್ಲಿಗೇ ನಿಂತಿದ್ದರೆ ಧೂಳನ್ನು ತಪ್ಪಿಸಿದರೆ ಸಾಕಾಗುತ್ತಿತ್ತು. ಆದರೆ ಒಮ್ಮೆ ಕೆರಳಿದ ಎದೆಯು ಧೂಳಿಲ್ಲದ ದಿನವೂ ತಣ್ಣನೆಯ ಗಾಳಿಗೆ, ನಗುವಿಗೆ, ಓಟಕ್ಕೆ ಬಿಗಿಯುವದೇಕೆ? ಕಳೆದ ಮೂವತ್ತು ನಾಲ್ವತ್ತು ವರುಷಗಳ ಶೋಧದ ಮುಖ್ಯ ಫಲವು ಇಲ್ಲಿದೆ. ಉರಿಯೂತದ ದ್ರವ್ಯಗಳು ಬಾಗಿಲನ್ನು ತೆರೆದು ಸುಮ್ಮನಾಗುವದಿಲ್ಲ; ಬಾಗಿಲುಗಳ ಸಂಖ್ಯೆಯನ್ನೂ ಕೀಲಿಗಳ ಗುಣವನ್ನೂ ಬದಲಿಸುತ್ತವೆ. ಐಜಿ-ಇ ರಕ್ತದಲ್ಲಿ ಹೆಚ್ಚಿದಂತೆ ಅದನ್ನು ಹಿಡಿಯುವ ಗ್ರಾಹಕಗಳೂ ಕೋಶದ ಮೇಲೆ ಹೆಚ್ಚುತ್ತವೆ. 1997ರಲ್ಲಿ ಪ್ರಕಟವಾದ ಒಂದು ಶೋಧದಲ್ಲಿ, ಐಜಿ-ಇಯನ್ನು ಹಿಡಿದುಹಾಕುವ ಮದ್ದನ್ನು ರೋಗಿಗಳಿಗೆ ಕೊಡುವ ಮೊದಲು ಬೇಸೊಫಿಲ್ ಎಂಬ ರಕ್ತಕೋಶವೊಂದರ ಮೇಲೆ ಈ ಗ್ರಾಹಕಗಳು ಎರಡು ಲಕ್ಷಕ್ಕೂ ಮಿಕ್ಕಿದ್ದವು; ಮೂರು ತಿಂಗಳ ಚಿಕಿತ್ಸೆಯ ಮೇಲೆ ಎಂಟು ಸಾವಿರದ ಸುಮಾರಿಗೆ ಇಳಿದವು. ಕೀಲಿಕೈ ಕಡಿಮೆಯಾಗಲು ಕೀಲಿಗಳೇ ಕಡಿಮೆಯಾದವು.

ಇದರಂತೆಯೇ ಇಂಟರ್‌ಲ್ಯೂಕಿನ್ ಎಂಬ ಸಂದೇಶದ್ರವ್ಯಗಳಲ್ಲಿ ನಾಲ್ಕನೆಯದು ಐಜಿ-ಇಯನ್ನು ತಯಾರಿಸುವ ಅಪ್ಪಣೆಯನ್ನು ಕೊಡುತ್ತದೆ. ನಾಲ್ಕನೆಯದು ಮತ್ತು ಹದಿಮೂರನೆಯದು ಇವೆರಡೂ ಲ್ಯೂಕೊಟ್ರಯೀನಿನ ಗ್ರಾಹಕಗಳನ್ನು ಕೆಲವು ರಕ್ಷಕಕೋಶಗಳ ಮೇಲೆ ಹೆಚ್ಚಿಸುತ್ತವೆ. ಆಗ ಮೊದಲಿನಷ್ಟೇ ಲ್ಯೂಕೊಟ್ರಯೀನಿಗೆ ಮೊದಲಿಗಿಂತ ಹೆಚ್ಚಿನ ಕೆರಳಿಕೆ. ಐದನೆಯದು ಇಯೋಸಿನೊಫಿಲ್ಲುಗಳನ್ನು ಮಜ್ಜೆಯಲ್ಲಿ ಬೆಳೆಸಿ, ಅವುಗಳ ಆಯುಷ್ಯವನ್ನು ಹೆಚ್ಚಿಸುತ್ತದೆ. ಹಿಸ್ಟಮೀನಿಗೆ ನಾಲ್ಕು ತೆರದ ಗ್ರಾಹಕಗಳುಂಟು. ಅದು ಒಂದನೆಯದರ ಮೂಲಕ ಸ್ನಾಯುವನ್ನು ಬಿಗಿಯುವದು, ನಾಲ್ಕನೆಯದರ ಮೂಲಕ ಇಯೋಸಿನೊಫಿಲ್ಲುಗಳನ್ನೂ ಮಾಸ್ಟ್ ಕೋಶಗಳನ್ನೂ ಕರೆತರುವದು, ಎರಡನೆಯದರ ಮೂಲಕ ಅನೇಕ ರಕ್ಷಕಕೋಶಗಳನ್ನು ತಡೆಯುವದು. ಒಂದೇ ದ್ರವ್ಯವು ಒಂದು ಬಾಗಿಲಲ್ಲಿ ಜಗಳಗಂಟನಾಗಿಯೂ ಇನ್ನೊಂದರಲ್ಲಿ ಸಮಾಧಾನ ಹೇಳುವವನಾಗಿಯೂ ವರ್ತಿಸುತ್ತದೆ. ಎಲ್ಲ ಗ್ರಾಹಕಗಳೂ ಹೆಚ್ಚುವವೆಂತಲೂ ತಿಳಿಯಲಾಗದು. ಶ್ವಾಸಕೋಶಕ್ಕೆ ಬಂದು ಕೆರಳಿದ ಇಯೋಸಿನೊಫಿಲ್ಲಿನ ಮೇಲೆ ಐದನೆಯ ಇಂಟರ್‌ಲ್ಯೂಕಿನ್ನಿನ ಗ್ರಾಹಕಗಳು ಕುಗ್ಗುವದು ಕಂಡುಬಂದಿದೆ. ಒಟ್ಟಿನಲ್ಲಿ ಜಗಳದ ಮನೆಗೆ ದಿನಕ್ಕೊಂದು ದಿಡ್ಡಿಬಾಗಿಲು ಕೂಡುತ್ತ ಹೋದಂತೆ, ರೋಗವು ತಾನೇ ತನಗೆ ಆಹಾರವಾಗಿ ಬೆಳೆಯುವದು.

ಈ ವಿಷಯವು ಪಂಡಿತರ ಚರ್ಚೆಗಷ್ಟೇ ಸೇರಿದ್ದಲ್ಲವೆಂಬದನ್ನು ಇತಿಹಾಸವು ಕಠೋರವಾಗಿ ಕಲಿಸಿದೆ. ಸ್ನಾಯುವನ್ನು ಸಡಿಲಿಸುವ ಇನ್ನೊಂದು ಗ್ರಾಹಕವು ಉಸಿರುದಾರಿಯಲ್ಲಿದೆ. ಅಡ್ರಿನಲೀನ್ ಮುಟ್ಟಿದಾಗ ದಾರಿಯು ತೆರೆಯುವದು ಅದರ ಮೂಲಕ. ಅದನ್ನು ಬೀಟಾ ಎಂದು ಹೆಸರಿಸಿದವನು ರೇಮಂಡ್ ಆಲ್ಕ್ವಿಸ್ಟ್, ವರುಷವು 1948. ಆ ಗ್ರಾಹಕಕ್ಕೆಂದು ಸೇದುವ ಮದ್ದುಗಳು ತಯಾರಾದವು. ಸೇದಿದ ಕ್ಷಣಗಳಲ್ಲಿ ಉಸಿರು ಸಲೀಸಾಗುತ್ತಿದ್ದುದರಿಂದ ಜನರು ಅದನ್ನೇ ಪರಿಪೂರ್ಣ ಚಿಕಿತ್ಸೆಯೆಂದು ಬಗೆದರು. 1960ರ ದಶಕದಲ್ಲಿ ಇಂಗ್ಲಂಡಿನಲ್ಲಿ ಎಳೆಯ ವಯಸ್ಸಿನವರ ಅಸ್ತಮಾ ಮರಣಗಳು ಒಮ್ಮೆಲೆ ಏರಿದವು. ತೀವ್ರ ಪ್ರಮಾಣದ ಐಸೊಪ್ರಿನಲೀನ್ ಸೇದುವಿಕೆಯೊಡನೆ ಅವು ಕೂಡಿಬಂದುದು ಕಂಡಿತು. 1976ರ ತರುವಾಯ ನ್ಯೂಜೀಲಂಡಿನಲ್ಲಿ ಫೆನೊಟೆರಾಲ್ ಎಂಬ ಮದ್ದಿನೊಡನೆ ಅದೇ ದುರಂತವು ಮರುಕಳಿಸಿತು. ಕಾರಣಗಳು ಒಂದಕ್ಕಿಂತ ಹೆಚ್ಚು. ಅವುಗಳಲ್ಲಿ ಗ್ರಾಹಕದ ಧರ್ಮವೂ ಒಂದು: ಪದೇಪದೇ ಬಡಿದ ಬಾಗಿಲು ಓಗೊಡದಂತಾಗುವದು, ಬೀಟಾ ಗ್ರಾಹಕಗಳು ಮಣಿದು ಕಡಿಮೆಯಾಗುವವು. ಉರಿಯೂತದ ದ್ರವ್ಯಗಳೂ ಆ ಗ್ರಾಹಕದ ಸಂಬಂಧವನ್ನು ಒಳಗಿನಿಂದ ಕಡಿಯುತ್ತವೆ. ಮೇಲೆ ಉಸಿರು ಸಲೀಸಾಗಿದ್ದರೂ ಕೆಳಗೆ ಕಿಚ್ಚು ಉರಿಯುತ್ತಲೇ ಇರುವದು.

ಆ ಕಿಚ್ಚನ್ನು ಆರಿಸುವ ಉಪಾಯವೂ ಅದೇ ಯುಗದಲ್ಲಿ ದೊರೆಯಿತು. 1948ರಲ್ಲಿ ಫಿಲಿಪ್ ಹೆಂಚ್ ಎಂಬ ಅಮೇರಿಕದ ವೈದ್ಯನು ಸಂಧಿವಾತಕ್ಕೆ ಕಾರ್ಟಿಸೋನನ್ನು ಪ್ರಯೋಗಿಸಿ ಯಶಸ್ವಿಯಾದನು. ಆ ಜಾತಿಯ ಸ್ಟಿರಾಯ್ಡ್ ಮದ್ದನ್ನು ನುಂಗಿದರೆ ಇಡೀ ದೇಹಕ್ಕೆ ತೊಂದರೆಯಾಗುವದೆಂದು ಬಹುದಿನ ಹಿಂಜರಿಕೆಯಿತ್ತು. 1972ರಲ್ಲಿ ಬೆಕ್ಲೊಮೆಥಸೋನ್ ಎಂಬದನ್ನು ಸೇದುವ ಕ್ರಮವು ಬಂದಮೇಲೆ ಸ್ವಲ್ಪ ಮದ್ದನ್ನು ನೇರವಾಗಿ ಎದೆಗೆ ಮುಟ್ಟಿಸುವದು ಸಾಧ್ಯವಾಯಿತು. ಅದು ಕೋಶದ ಒಳಹೊಕ್ಕು ಉರಿಯೂತದ ಅಪ್ಪಣೆಗಳನ್ನೇ ಹಿಂತೆಗೆಸುತ್ತದೆ; ಜೊತೆಗೆ ಕಡಿಮೆಯಾದ ಬೀಟಾ ಗ್ರಾಹಕಗಳನ್ನು ಮತ್ತೆ ಹುಟ್ಟಿಸುತ್ತದೆ. ಆದರೆ ಅದರಿಂದ ಸೇದಿದ ಕೂಡಲೆ ಸುಖವು ತಿಳಿಯುವದಿಲ್ಲ. ದಿನವೂ ಬಿಡದೆ ಸೇದಿದರೆ ಮಾತ್ರ ವಾರಗಳಲ್ಲಿ ಗುಣವು ಕಾಣುವದು. ತಕ್ಷಣದ ಸುಖವನ್ನು ಮದ್ದೆಂದು ತಿಳಿಯುವ ಮನುಷ್ಯಸ್ವಭಾವಕ್ಕೆ ಇದು ರುಚಿಸದಾಯಿತು. 2019ರಲ್ಲಿ ಜಾಗತಿಕ ಅಸ್ತಮಾ ಮಾರ್ಗದರ್ಶಿಯು, ಬರಿಯ ದಾರಿ ತೆರೆ‌ಯುವ ಮದ್ದೊಂದನ್ನೇ ಕೊಡುವ ಕ್ರಮವು ಹರೆಯದವರಿಗೂ ದೊಡ್ಡವರಿಗೂ ಸಲ್ಲದೆಂದು ಸಾರಿತು. ಅದೇ ವರುಷದ ಅಂದಾಜಿನಂತೆ ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಜನರು ಭಾರತೀಯರು. ಈ ರೋಗದಿಂದ ಸಾಯುವವರಲ್ಲಿಯಾದರೋ ನೂರಕ್ಕೆ ನಾಲ್ವತ್ತಕ್ಕೂ ಮಿಕ್ಕಿದವರು ಭಾರತೀಯರು. ರೋಗಿಗಳ ಪಾಲಿಗೂ ಸಾವಿನ ಪಾಲಿಗೂ ಇರುವ ಈ ಅಂತರವು ಯಾರನ್ನಾದರೂ ಕಳವಳಗೊಳಿಸತಕ್ಕದ್ದು.

ಗ್ರಾಹಕಗಳನ್ನು ಅರಿತುದರಿಂದ ಹೊಸ ಮದ್ದುಗಳೂ ಹುಟ್ಟಿವೆ. ಐಜಿ-ಇಯನ್ನು ತಡೆಯುವ ಓಮಾಲಿಜುಮಾಬ್ 2003ರಲ್ಲಿ, ಐದನೆಯ ಇಂಟರ್‌ಲ್ಯೂಕಿನ್ನನ್ನು ತಡೆಯುವ ಮೆಪೊಲಿಜುಮಾಬ್ 2015ರಲ್ಲಿ, ನಾಲ್ಕನೆಯ ಹಾಗೂ ಹದಿಮೂರನೆಯವುಗಳಿಗೆ ಸಮಾನವಾದ ಗ್ರಾಹಕವನ್ನು ಮುಚ್ಚುವ ಡುಪಿಲುಮಾಬ್ 2018ರಲ್ಲಿ ಅಸ್ತಮಾಕ್ಕೆಂದು ಅಮೇರಿಕೆಯಲ್ಲಿ ಮಾನ್ಯವಾದವು. ಇವು ಬಹಳ ಬೆಲೆಯವು, ತೀವ್ರ ರೋಗಿಗಳಿಗೆ ಮಾತ್ರ ತಕ್ಕವು. ಸೋಲುಗಳೂ ಆಗಿವೆ. ಪ್ರೋಸ್ಟಗ್ಲಾಂಡಿನ್ ಡಿ-2 ಎಂಬ ದ್ರವ್ಯದ ಗ್ರಾಹಕವನ್ನು ಮುಚ್ಚುವ ಫೆವಿಪಿಪ್ರಾಂಟಿನ ಮೇಲೆ ದೊಡ್ಡ ಆಸೆಯಿತ್ತು. 2019ರ ದೊಡ್ಡ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. 2000ದಲ್ಲಿ ಐದನೆಯ ಇಂಟರ್‌ಲ್ಯೂಕಿನ್ನನ್ನು ತಡೆದಾಗಲೂ ಫಲ ಕಾಣಲಿಲ್ಲ. 2009ರಲ್ಲಿ ಇಯೋಸಿನೊಫಿಲ್ಲುಗಳು ಹೆಚ್ಚಿರುವವರನ್ನಷ್ಟೇ ಆರಿಸಿ ಕೊಟ್ಟಾಗ ಅದೇ ತೆರದ ಮದ್ದು ಗೆದ್ದಿತು. ತಮಕವನ್ನು ಹೇಳಿದಮೇಲೆ ಪ್ರತಮಕ, ಸಂತಮಕಗಳೆಂದು ಭೇದವನ್ನು ತೋರಿಸಿದ ಪ್ರಾಚೀನರಿಗೆ ರೋಗಿಯನ್ನು ವಿಂಗಡಿಸಿ ನೋಡುವ ಪದ್ಧತಿಯಾದರೂ ಗೊತ್ತಿತ್ತು. ಗ್ರಾಹಕಗಳ ವಿಚಾರವು ಅವರಿಗೆ ತಿಳಿದಿತ್ತೆಂದು ಹೇಳುವದು ಮಾತ್ರ ಅಭಿಮಾನದ ಅತಿರೇಕವಾದೀತು.

ಈ ನಾಡಿನಲ್ಲಿ ದಮ್ಮಿನ ಋತುವು ಮೃಗಶಿರಾ ಮಳೆಯೊಡನೆ ಬರುವದೆಂಬ ನಂಬಿಕೆಯಿದೆ. ಹೈದರಾಬಾದಿನಲ್ಲಿ ಆ ದಿನ ಜೀವಂತ ಮೀನಿನ ಬಾಯಲ್ಲಿ ಔಷಧವನ್ನಿಟ್ಟು ನುಂಗಿಸುವದಕ್ಕೆ ಸಾವಿರಾರು ಜನರು ನೆರೆಯುತ್ತಾರೆ. ಕೊಪ್ಪಳ ಸೀಮೆಯಲ್ಲಿಯೂ ಆ ಮಳೆಯ ಹೊತ್ತಿಗೆ ಔಷಧ ಹಂಚುವ ರೂಢಿಯುಂಟು. ಋತುವಿನ ಗುರುತು ಸುಳ್ಳಲ್ಲ. 2016ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಒಂದು ಗುಡುಗುಮಳೆಯು ಹುಲ್ಲಿನ ಪರಾಗಗಳನ್ನು ಒಡೆದು ನೆಲಮಟ್ಟಕ್ಕೆ ತಂದಾಗ ಸಾವಿರಾರು ಜನರಿಗೆ ದಮ್ಮು ಹತ್ತಿ ಹತ್ತು ಜನರು ತೀರಿದರು. ಮೋಡ ಮಳೆಗಳಿಂದ ತಮಕವು ಕೆರಳುವದೆಂಬ ಹಳೆಯ ಮಾತಿಗೆ ಇದು ಒಂದು ವ್ಯಾಖ್ಯಾನದಂತಿದೆ. ಆದರೆ ವರುಷಕ್ಕೊಂದು ದಿನದ ಮದ್ದು ವರುಷವಿಡೀ ಉರಿಯುವ ಕಿಚ್ಚಿಗೆ ಸಾಲುವದೆಂತು? ಆ ಮದ್ದನ್ನು ನಂಬಿ ದಿನದ ಮದ್ದನ್ನು ಬಿಡುವದರಲ್ಲಿಯೇ ಅಪಾಯವಿದೆ. ಕೆರಳಿಸುವ ವಸ್ತುಗಳಾದರೂ ಹೆಚ್ಚುತ್ತಲೇ ಇವೆ. ಕಾಂಗ್ರೆಸ್ ಗಿಡವೆಂದು ಜನರು ಕರೆಯುವ ಪಾರ್ಥೇನಿಯಮ್ 1950ರ ದಶಕದಲ್ಲಿ ಪುಣೆಯಲ್ಲಿ ಕಂಡಿತು; ಇಂದು ಕರ್ನಾಟಕದ ಬೀಳುಗಳನ್ನೆಲ್ಲ ಆವರಿಸಿದೆ. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರ ಲೆಕ್ಕದಂತೆ ಆ ನಗರದಲ್ಲಿ 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಅಸ್ತಮಾವು 1999ಕ್ಕೆ 29.5 ಮಕ್ಕಳಲ್ಲಿ ಕಂಡುಬಂದಿತು.

ಇಷ್ಟರ ಮೇಲಿಂದ ಮೊದಲಿನ ವಿಧಿಯು ಈಗ ಹೆಚ್ಚು ಸ್ಪಷ್ಟವಾಗುವದು. ಕಪ್ಪತಗುಡ್ಡದ ಗಿಡಗಳು ವ್ಯರ್ಥವಲ್ಲ. ಆಡುಸೋಗೆಯಿಂದ ಕಫಕ್ಕೆ, ದತ್ತೂರಿಯ ಸತ್ತ್ವದಿಂದ ಬಿಗಿತಕ್ಕೆ ಉಪಾಯವು ದೊರೆತುದು ನಿಜ. ಆದರೆ ಅವು ಕಿಚ್ಚನ್ನು ಮುಟ್ಟಲಿಲ್ಲ. ಪಶ್ಚಿಮದ ದಾರಿ ತೆರೆಯುವ ಮದ್ದಿಗೂ ಅದೇ ಮಿತಿಯಿತ್ತು. ಆ ಮಿತಿಯನ್ನು ಕಾಣಲು ಎಷ್ಟೋ ಪ್ರಾಣಗಳು ಬೇಕಾದವು. ಏಕಾಂತವಾದ ಚಿಕಿತ್ಸೆಯನ್ನು ನೆಚ್ಚಬಾರದೆಂಬ ಚರಕನ ಮಾತು ಗುಡ್ಡದ ಬೇರಿಗೂ ಅಂಗಡಿಯ ಸೇದುಮದ್ದಿಗೂ ಸಮಾನವಾಗಿ ಸಲ್ಲುವದು. ರಾತ್ರಿಯ ಬಿಗಿತವು ಇಳಿದ ಬೆಳಿಗ್ಗೆ ರೋಗವು ಹೋಯಿತೆಂದು ಮದ್ದನ್ನು ಮಾಡದ ಮೇಲೆ ಎತ್ತಿಡುವ ಮನೆಯಲ್ಲಿ, ಕಾಣದ ಬಾಗಿಲುಗಳು ಒಂದೊಂದಾಗಿ ಹೆಚ್ಚುತ್ತಲೇ ಇರುತ್ತವೆ. ಯಾಪ್ಯವೆಂಬ ಹಳೆಯ ಶಬ್ದದ ಅರ್ಥವು ನಿರಾಶೆಯಲ್ಲ. ವೈದ್ಯನು ಹೇಳಿದ ದಿನದ ಮದ್ದನ್ನು, ಸುಖವಾಗಿರುವ ದಿನವೂ, ಬಿಡದೆ ನಡೆಸುವವನು ತುಂಬಾಯುಷ್ಯವನ್ನು ಬಾಳಬಲ್ಲನೆಂಬದೇ ಅದರ ತಾತ್ಪರ್ಯ.